ಮೂರು ಬೆರಳು ಕಡಿಮೆ

ಕೈತಪ್ಪಿ ಬಿದ್ದ ಪೆನ್ನಿನ ಮುಚ್ಚಳ ಬಿದ್ದ ಜಾಗದಲ್ಲೇ ಸುಮ್ಮನಿರುವ ಸೌಜನ್ಯವನ್ನು ನನ್ನ ಅನುಭವದಲ್ಲಿ ಒಮ್ಮೆಯೂ ತೋರಿಸಿಲ್ಲ. ಅದಕ್ಕೆ ಉರುಳಬೇಕು, ಉರುಳುವುದಷ್ಟೇ ಅಲ್ಲ, ಮನೆಯಲ್ಲಿ ಬಗ್ಗುವುದಕ್ಕೆ ಅತ್ಯಂತ ಅನನುಕೂಲವಾದ ಮೂಲೆ ಯಾವುದೆಂದು ವಿಚಾರಿಸಿಕೊಂಡು ಅಲ್ಲಿಗೇ ಹೋಗಬೇಕು. ಬೇರೆಯವರ ಮನೆಗಳಲ್ಲಿ ಆ ಮೂಲೆ ಸಾಮಾನ್ಯವಾಗಿ ಮಂಚದ ಕೆಳಗಿರುತ್ತದೆ. ನಮ್ಮ ಮನೆಯಲ್ಲಿ ಆ ಸೌಲಭ್ಯವಿಲ್ಲ, ಏಕೆಂದರೆ ನಮ್ಮ ಮಂಚಕ್ಕೆ ಕೆಳಗೆ ಎಂಬುದೇ ಇಲ್ಲ. ನೆಲದಿಂದ ಸೊಂಟದೆತ್ತರದವರೆಗೆ ಮೂರು ಬಾಗಿಲುಗಳಿರುವ ಭದ್ರವಾದ ಹಲಗೆಯ ಗೋಡೆ, ಅದರ ಮೇಲೆ ಹಾಸಿಗೆ. ಇವತ್ತು ಬೆಳಿಗ್ಗೆ ಹೀಗೆಯೇ ಉರುಳಿದ ಮುಚ್ಚಳ ಆ ಹಲಗೆಗೆ ಡಿಕ್ಕಿ ಹೊಡೆದು, ದಿಕ್ಕು ಬದಲಿಸಿ, ಕೋಣೆಯ ಬಾಗಿಲ ಬಳಿ ಒಂಬತ್ತು ದಿನಗಳಿಂದ ನಿಂತಿರುವ ನೀಲಿ ಸೂಟ್‌ಕೇಸಿನ ಗಾಲಿಗಳ ನಡುವೆ ಹೋಗಿ ಅಡಗಿತು.

ಸೂಟ್‌ಕೇಸು ನನ್ನ ನಾದಿನಿ ಗಿರಿಜಾಳದು. ಸಂಡೂರಿನಲ್ಲಿದ್ದವಳು, ಕಳೆದ ವರ್ಷ ಗಂಡನನ್ನು ಕಳೆದುಕೊಂಡವಳು. ಹೊಸಪೇಟೆಯ ಅಣ್ಣನ ಮನೆಗೆ ನಾಲ್ಕು ದಿನಕ್ಕೆಂದು ಬಂದಿದ್ದಾಳೆ, ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ "ನಾಳಿ ಹೋಗ್ತೀನಿ ವೈನಿ" ಎನ್ನುತ್ತಾಳೆ. ಸಂಡೂರಿನ ಬಾಡಿಗೆ ಮನೆಯ ಬೀಗದ ಕೈಯನ್ನು ಮನೆಯ ಮಾಲೀಕರಿಗೆ ಒಪ್ಪಿಸಿ ಬಂದಿರುವುದು ನಮಗೆ ಗೊತ್ತಿಲ್ಲ ಎಂದು ಅವಳು ತಿಳಿದುಕೊಂಡಿದ್ದಾಳೆ. ಗೊತ್ತಿಲ್ಲದವರಂತೆ ನಾವೂ ಇದ್ದೇವೆ. ಆ ಗಾಲಿಗಳ ಕೆಳಗೆ ಕೈ ಹಾಕಲು ನನ್ನ ಮಂಡಿಗಳು ಒಪ್ಪಲಿಲ್ಲ. ಮುಚ್ಚಳವನ್ನು ಅಲ್ಲೇ ಬಿಟ್ಟು ಮಂಚದ ಮೇಲೆ ಕುಳಿತೆ. ನೀವೂ ಬನ್ನಿ, ಅಂಚಿನಲ್ಲಿ ಕುಳಿತುಕೊಳ್ಳಿ. ಹತ್ತಲು ಕಬ್ಬಿಣದ ಮೆಟ್ಟಿಲೊಂದಿದೆ. ಮಂಚಕ್ಕೆ ಮೆಟ್ಟಿಲೇಕೆ ಎಂದು ಕೇಳಿದರೆ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಚೀನಾದೇಶಕ್ಕೆ ನಮ್ಮ ಸಂಡೂರಿನ ಗುಡ್ಡಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದ ಕಾಲವದು. ಹಗಲಿರುಳೆನ್ನದೆ ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗಳಲ್ಲಿ ಒಂದರ ಬಾಲಕ್ಕೊಂದು ಅಂಟಿಕೊಂಡು ಸಾಗುತ್ತಿದ್ದವು. ಊರಿಗೆ ಹೊಸ ಲಾಡ್ಜುಗಳು ಬಂದವು, ಹೊಸ ಕಾರುಗಳು ಬಂದವು, ನಿನ್ನೆಯವರೆಗೆ ಸೈಕಲ್ಲಿನಲ್ಲಿ ಓಡಾಡುತ್ತಿದ್ದವರು ಕಪ್ಪು ಕನ್ನಡಕ ಹಾಕಿಕೊಂಡು ಗುರುತು ಸಿಗದಂತಾದರು. ಆ ಅಷ್ಟೈಶ್ವರ್ಯದಲ್ಲಿ ನಮ್ಮ ಕುಟುಂಬದ ಪಾಲಿಗೆ ಬಂದದ್ದು ಕೆಂಪು ಧೂಳು. ನಮ್ಮವರಿಗೆ ಯಶವಂತನಗರದ ಹತ್ತಿರದ ಗಣಿಯೊಂದರ ವೇಬ್ರಿಜ್ಜಿನಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಕೆಲಸ. ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಹುಬ್ಬು, ಮೀಸೆ, ಕಿವಿಯ ಸುರುಳಿಗಳೆಲ್ಲ ಕೆಂಪಾಗಿ ಮರಳುತ್ತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಕಪ್ಪುಹಲಗೆಯ ಬಿಳಿ ಧೂಳಿನೊಂದಿಗೆ ಬರುತ್ತಿದ್ದೆ. ವರ್ಣಸಂಕರದ ಆ ದಾಂಪತ್ಯ ನಡೆಯುತ್ತಿದ್ದುದು ಒಂದು ನಡುಮನೆ, ಒಂದು ಅಡುಗೆಮನೆ ಮತ್ತು ಹತ್ತಡಿಗೆ ಒಂಬತ್ತಡಿಯ ಒಂದು ಮಲಗುವ ಕೋಣೆಯಿದ್ದ ಸ್ವಂತ ಮನೆಯಲ್ಲಿ. ಸ್ವಂತದ್ದು ಎಂಬ ಹೆಮ್ಮೆಯೇ ಆ ಮನೆಯ ಅತ್ಯಂತ ವಿಶಾಲವಾದ ಭಾಗವಾಗಿತ್ತು.

ಅಂಥ ಮನೆಗೆ ನಮ್ಮ ಅತ್ತೆ ಬಂದರು, ಅವರೊಂದಿಗೆ ಅವರ ಟ್ರಂಕು ಬಂತು. ಮಾವನವರು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು. ಗಿರಣಿಯ ಹಿಂದಿನ ಸಾಲುಮನೆಯೊಂದರಲ್ಲಿ ಅತ್ತೆ ಮದುಮಗಳಾಗಿ ಕಾಲಿಟ್ಟು, ಇಬ್ಬರು ಮಕ್ಕಳನ್ನು ಹೆತ್ತು, ಅಲ್ಲೇ ವಿಧವೆಯೂ ಆದರು. ಮಾವನವರು ಹೋದ ಮೇಲೂ ಗಿರಣಿಯವರು ಇರಗೊಟ್ಟಿದ್ದರು. ಆದರೆ ಹೊಸ ಯಂತ್ರಗಳಿಗೆ ಜಾಗ ಬೇಕಾಗಿ ಸಾಲುಮನೆಗಳನ್ನು ಕೆಡವಿದಾಗ ಅವರಿಗೆ ಹೊರಡದೆ ವಿಧಿಯಿರಲಿಲ್ಲ. ಅಲ್ಲಿಂದ ಮುಂದೆ ಅತ್ತೆ ಹೊಸಪೇಟೆಯಲ್ಲಿದ್ದಾಗ "ಸಂಡೂರಿಗೆ ಮಗಳ ಕಡೆ ಹೋಗ್ತೀನಿ" ಎನ್ನುತ್ತಿದ್ದರು, ಸಂಡೂರಿನಲ್ಲಿದ್ದಾಗ "ಹೊಸಪೇಟಿಗೆ ಮಗನ ಕಡೆ ಹೋಗ್ತೀನಿ" ಎನ್ನುತ್ತಿದ್ದರು. ಟ್ರಂಕು ಬಸ್ಸಿನ ನೆತ್ತಿಯ ಮೇಲೆ ಕುಳಿತು ಎರಡೂ ಊರುಗಳ ನಡುವಿನ ಘಾಟಿಯನ್ನು ಎಷ್ಟು ಸಲ ಹತ್ತಿಳಿಯಿತೋ ಲೆಕ್ಕವಿಟ್ಟವರಿಲ್ಲ.

ಹಸಿರು ಬಣ್ಣದ, ಮೂಲೆಗಳಿಗೆ ತಗಡು ಬಡಿದ, ಸಾಕಷ್ಟು ಎತ್ತರದ ಟ್ರಂಕು. ನಮ್ಮ ಮನೆಗೆ ಬಂದಾಗ ಅದು ಮಲಗುವ ಕೋಣೆಯ ಬಾಗಿಲಿನಲ್ಲೇ ನಿಲ್ಲುತ್ತಿತ್ತು. ಒಳಗೆ ಸರಿಸೋಣವೆಂದರೆ ಕೋಣೆಯಲ್ಲಿ ಆಗಲೇ ಒಂದು ಕಬ್ಬಿಣದ ಮಂಚ, ಕಂಪ್ಲಿಯ ಅಕ್ಕಿಯ ಎರಡು ಮೂಟೆ, ನನ್ನ ಪುಸ್ತಕಗಳ ನಾಲ್ಕು ರಟ್ಟಿನ ಪೆಟ್ಟಿಗೆಗಳು, ಧಾರವಾಡದ ಹಾಸ್ಟೆಲಿನಲ್ಲಿದ್ದ ಮಗಳ ಹಳೆಯ ಸಾಮಾನುಗಳು ಅಧಿಕಾರ ಸ್ಥಾಪಿಸಿದ್ದವು. ಟ್ರಂಕಿನ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಅವರು ಅದನ್ನು ದಿನಕ್ಕೆ ಎರಡು ಸಲ, ಊಟದ ಹೊತ್ತಿಗೆ ತೆರೆಯುತ್ತಿದ್ದರು. ತಮ್ಮದೇ ಒಂದು ಸ್ಟೀಲಿನ ತಾಟು ಮತ್ತು ಲೋಟವನ್ನು ಹೊರಗೆ ತೆಗೆದು, ಉಂಡು, ತಾವೇ ತೊಳೆದು, ಸೆರಗಿನಿಂದ ಒರೆಸಿ, ಮತ್ತೆ ಒಳಗಿಟ್ಟು ಬೀಗ ಹಾಕುತ್ತಿದ್ದರು. ತಾಟಿನ ಅಂಚಿನಲ್ಲಿ ಮಾವನವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಲಾಗಿತ್ತು. ಇದನ್ನೆಲ್ಲ ನೋಡಿದ ನಾನು, ಮನುಷ್ಯಸ್ವಭಾವದ ಸೂಕ್ಷ್ಮಗಳನ್ನು ಹತ್ತನೆಯ ತರಗತಿಗೆ ವಿವರಿಸುತ್ತಿದ್ದ ಪಂಡಿತೆ, ನಮ್ಮ ಪಾತ್ರೆಗಳು ಅವರ ಮಡಿಗೆ ಸಲ್ಲುವುದಿಲ್ಲ ಎಂದು ತೀರ್ಮಾನಿಸಿ ಒಳಗೊಳಗೇ ಮುನಿಸಿಕೊಂಡಿದ್ದೆ.

ಆ ಮುನಿಸು ಒಂದು ದಿನ ಬಾಯಿಗೆ ಬಂದುಬಿಟ್ಟಿತು. ಶಾಲೆಗೆ ತಡವಾಗಿತ್ತು, ಒಂದು ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದರಲ್ಲಿ ಡಬ್ಬಿ. ಕೋಣೆಯಿಂದ ಹೊರಬರುವಾಗ ಟ್ರಂಕಿನ ತಗಡಿನ ಮೂಲೆ ತೊಡೆಗೆ ಸರಿಯಾಗಿ ಬಡಿಯಿತು. "ಈ ಟ್ರಂಕು ಯಾವಾಗ ನೋಡಿದ್ರೂ ದಾರೀಗೆ ಅಡ್ಡ!" ಎಂದು ಕಿರುಚಿದೆ. ಟ್ರಂಕಿಗೆ ಹೇಳಿದ್ದು ಎಂದು ಆಮೇಲೆ ನಾನೇ ನನಗೆ ಎಷ್ಟೋ ಸಲ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಸಂಜೆ ಬಂದು ನೋಡಿದರೆ ಟ್ರಂಕು ಬಾಗಿಲಿನಿಂದ ಹಿತ್ತಲಿಗೆ ಹೋಗಿ ಬಚ್ಚಲಿನ ಗೋಡೆಗೆ ಒರಗಿಕೊಂಡಿತ್ತು. ಆ ವಯಸ್ಸಿನಲ್ಲಿ ಒಬ್ಬರೇ ಅದನ್ನು ಹೇಗೆ ಎಳೆದರೋ! ಮರುದಿನ ಅವರು ಸಂಡೂರಿನ ಬಸ್ಸು ಹತ್ತಿದರು. ಮಗ ಕೇಳಿದ್ದಕ್ಕೆ, "ಗಿರಿಜಾ ಕರದಾಳಪ್ಪ" ಎಂದಷ್ಟೇ ಹೇಳಿದರು. ಗಿರಿಜಾ ಕರೆದಿರಲಿಲ್ಲ.

ನಾಚಿಕೆ ಮನುಷ್ಯರಿಂದ ಏನೇನೋ ಮಾಡಿಸುತ್ತದೆ. ನನ್ನಿಂದ ಮಂಚ ಮಾಡಿಸಿತು. ಕೋಣೆಗೆ ಒಂದು ಎತ್ತರದ ಮಂಚ, ಅದರ ಹೊಟ್ಟೆಯೊಳಗೆ ಅಕ್ಕಿ, ಪುಸ್ತಕ, ಬಟ್ಟೆಬರೆ ಎಲ್ಲವೂ; ಮುಖ್ಯವಾಗಿ, ಅತ್ತೆಯ ಟ್ರಂಕಿಗೆ ಒಂದು ಖಾಯಂ ಸ್ಥಾನ. ಯಾರಿಗೂ ಅಡ್ಡವಾಗದೆ, ಯಾರಿಂದಲೂ ಮಾತು ಕೇಳಿಸಿಕೊಳ್ಳದೆ ಟ್ರಂಕು ಒಳಗೆ ಸೇರಿಕೊಂಡರೆ ಅತ್ತೆಯೂ ಮನೆಯೊಳಗೆ ಸೇರಿಕೊಂಡಾರು ಎಂಬುದು ನನ್ನ ಯೋಜನೆ. ನಮ್ಮವರು ಬೆಳಗಿನ ಬಸ್ಸಿಗಾಗಿ ಹೇಗೂ ನಡುಮನೆಯಲ್ಲೇ ಮಲಗುತ್ತಿದ್ದರು, ಮಂಚ ನನಗೂ ಅತ್ತೆಗೂ. ಯೋಜನೆಯೇನೋ ಸುಂದರವಾಗಿತ್ತು, ಆದರೆ ಊರಿನಲ್ಲಿ ಬಡಗಿಯೇ ಸಿಗಲಿಲ್ಲ. ಉಳಿ ಹಿಡಿಯಬಲ್ಲವರೆಲ್ಲ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡುಗಳಿಗೆ ಹೋಗಿಬಿಟ್ಟಿದ್ದರು. ಬಾಗಿಲು, ತೊಟ್ಟಿಲು, ಮಣೆಗಳನ್ನು ಕೇಳುವವರಿಗೆ ಮುಂದಿನ ವರ್ಷದ ಭರವಸೆ ಸಿಗುತ್ತಿತ್ತು. ಕಡೆಗೆ ನಮ್ಮವರ ವೇಬ್ರಿಜ್ಜಿನ ಪರಿಚಯದ ಮೇಲೆ ಅಂಥ ಶೆಡ್ಡಿನಿಂದಲೇ ಒಬ್ಬ ಒಪ್ಪಿ ಬಂದ. ಮೌನೇಶಾಚಾರಿ. ತನ್ನ ಹೆಸರಿನ ಮೊದಲರ್ಧವನ್ನು ಅವನು ಜೀವನದಲ್ಲಿ ಎಂದೂ ಆಚರಿಸಿದವನಲ್ಲ.

"ಅಕ್ಕಾರ, ನಾ ಹತ್ತು ವರ್ಸದಿಂದ ಲಾರಿ ಬಿಟ್ಟು ಬ್ಯಾರೆ ಏನೂ ಕಟ್ಟಿಲ್ರಿ. ಆದ್ರ ಮಂಚ ಅಂದ್ರೇನ್ರಿ, ಇಂಜಿನ್ ಇಲ್ದ ಲಾರಿ!" ಎಂದು ಮೊದಲ ದಿನವೇ ನನ್ನ ಆತಂಕವನ್ನು ನಿವಾರಿಸಿದ. ಇದು ಹಾಸ್ಯವೆಂದು ನಾನು ನಕ್ಕೆ. ಅದು ಅವನ ವಾಸ್ತುಸಿದ್ಧಾಂತವೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿತ್ತು.

ಸಂಡೂರಿನಿಂದ ಅತ್ತೆಯನ್ನು ನಮ್ಮವರೇ ಹೋಗಿ ಕರೆತಂದರು. ಮೌನೇಶಾಚಾರಿ ಟ್ರಂಕಿನ ಮುಂದೆ ಮಂಡಿಯೂರಿ, ಅದರ ಉದ್ದ, ಅಗಲ, ಎತ್ತರಗಳನ್ನು ಟೇಪು ಹಿಡಿದು ಅಳೆದು, ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡ. ಎತ್ತರದ ಮೇಲೆ ಇನ್ನೂ ಎರಡು ಬೆರಳು ಗಾಳಿಗೆಂದು ಸೇರಿಸಿದ. ಅತ್ತೆ ನಡುಮನೆಯಲ್ಲಿ ಕೌದಿ ಹೊಲಿಯುತ್ತ ಎಲ್ಲವನ್ನೂ ನೋಡುತ್ತಿದ್ದರು. ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಆ ಹೊದಿಕೆ ಅವರ ಕೈಯಲ್ಲಿ ಯಾವಾಗಲೂ ಇರುತ್ತಿತ್ತು. "ನಾಲ್ಕು ದಿನ ಇರಾಕ ಬಂದಾಕಿಗೆ ಯಾಕವ್ವ ಇಷ್ಟೆಲ್ಲಾ?" ಎಂದರು. ನಾನು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ.

ಕೋಣೆ ಚಿಕ್ಕದು, ಬಾಗಿಲು ಇನ್ನೂ ಚಿಕ್ಕದು. ಆದ್ದರಿಂದ ಹಳೆಯ ಕಬ್ಬಿಣದ ಮಂಚವನ್ನು ಹೊರಗೆ ಹಾಕಿ, ಹೊಸದನ್ನು ಒಳಗೇ ಕಟ್ಟಬೇಕಾಯಿತು. ಆಚಾರಿ ತಂದ ಮರ ಹಳೆಯ ಅದಿರು ಲಾರಿಯೊಂದನ್ನು ಬಿಚ್ಚಿದಾಗ ಉಳಿದದ್ದು. ಗಟ್ಟಿಯೆಂದರೆ ಗಟ್ಟಿ, ಆದರೆ ಅದರ ಎಳೆಎಳೆಯಲ್ಲೂ ಸಂಡೂರಿನ ಗುಡ್ಡ ಸೇರಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಎಷ್ಟು ಸಲ ಒರೆಸಿದರೂ ಬಟ್ಟೆ ಕೆಂಪಾಗುತ್ತಿತ್ತು. ಆರು ತಿಂಗಳವರೆಗೆ ನಮ್ಮ ಬಿಳಿಯ ಹಾಸುಗಳೆಲ್ಲ ಗುಲಾಬಿ ಬಣ್ಣದಲ್ಲಿದ್ದವು. ಅವನು ಹೊಡೆದ ಬೋಲ್ಟುಗಳ ಸದ್ದಿಗೆ ಪಕ್ಕದ ಮನೆಯವರು, ಇವರೇನು ಮಹಡಿ ಎಬ್ಬಿಸುತ್ತಿದ್ದಾರೋ ಎಂದು ವಿಚಾರಿಸಿಕೊಂಡು ಹೋದರು.

ಐದನೆಯ ದಿನ ಮಂಚ ಪೂರ್ಣವಾಯಿತು. ಪೂರ್ಣವಾದದ್ದು ಲಾರಿ ಎಂದರೂ ಸಲ್ಲುತ್ತದೆ. ಬದಿಯಲ್ಲಿ ಮೂರು ಬಾಗಿಲುಗಳು, ಲಾರಿಯ ಪಕ್ಕದ ಹಲಗೆಗಳಂತೆ ಕೆಳಕ್ಕೆ ತೆರೆದುಕೊಳ್ಳುವಂಥವು. ಒಂದೊಂದಕ್ಕೂ ಕೊಕ್ಕೆ, ಒಂದೊಂದಕ್ಕೂ ಸರಪಳಿ. ಕೊಕ್ಕೆ ತೆಗೆದರೆ ಧಡಾರ್ ಎಂದು ಬೀಳುತ್ತಿದ್ದವು. ಹತ್ತುವುದಕ್ಕೆ ಯಾವುದೋ ಲಾರಿಯ ಕ್ಯಾಬಿನ್ನಿನಿಂದ ಕಳಚಿ ತಂದ ಕಬ್ಬಿಣದ ಮೆಟ್ಟಿಲು. ತಲೆಯ ಕಡೆಯ ಹಲಗೆಯ ಮೇಲೆ, ನಾವು ಕೇಳದಿದ್ದರೂ, ಎರಡು ಗಿಳಿಗಳನ್ನೂ ನಡುವೆ ಒಂದು ಕಮಲವನ್ನೂ ಬರೆಸಿದ್ದ. ಇನ್ನೇನು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವುದೊಂದು ಬಾಕಿ. ಮಂಚ ಎಂಬ ಪದಕ್ಕೆ ವೇದಿಕೆಯೆಂಬ ಅರ್ಥವೂ ಉಂಟೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಸಂಜೆ ಕೆಲಸದಿಂದ ಬಂದ ನಮ್ಮವರು ಬಾಗಿಲಲ್ಲೇ ನಿಂತು, ಹಂಪಿಯಲ್ಲಿ ಅರಸರು ದಸರೆಯ ಮೆರವಣಿಗೆ ನೋಡಲು ಕೂರುತ್ತಿದ್ದ ಎತ್ತರದ ಕಲ್ಲುಕಟ್ಟೆಯನ್ನು ನೆನೆದು, "ಮಹಾನವಮಿ ದಿಬ್ಬ ಮನೀಗೇ ಬಂತಲ್ಲ!" ಎಂದರು. ಅಂದಿನಿಂದ ಆ ಮಂಚಕ್ಕೆ ದಿಬ್ಬವೆಂದೇ ಹೆಸರಾಯಿತು.

ಇನ್ನು ಟ್ರಂಕಿನ ಗೃಹಪ್ರವೇಶ. ನಡುವಿನ ಬಾಗಿಲನ್ನು ಅದಕ್ಕೆಂದೇ ಅಗಲವಾಗಿ ಮಾಡಿಸಿದ್ದೆ. ನಮ್ಮವರು ಒಂದು ಕಡೆ, ಆಚಾರಿ ಒಂದು ಕಡೆ ಹಿಡಿದು ಟ್ರಂಕನ್ನು ತಳ್ಳಿದರು. ಒಂದು ಗೇಣು ಒಳಗೆ ಹೋದದ್ದು ಟಣ್ ಎಂದು ನಿಂತಿತು. ಓರೆ ಮಾಡಿದರು, ತಿರುಗಿಸಿದರು, ಮತ್ತೆ ತಳ್ಳಿದರು, ಮತ್ತೆ ಟಣ್. ಬಗ್ಗಿ ನೋಡಿದರೆ ಹಾಸುಹಲಗೆಯ ಅಡಿಯಲ್ಲಿ ಉದ್ದಕ್ಕೂ ದಪ್ಪದಪ್ಪ ಅಡ್ಡತೊಲೆಗಳು. ಅಳತೆ ಸರಿಯಾಗಿಯೇ ಇತ್ತು; ಆದರೆ ಹಲಗೆ ಕೂರಿಸುವಾಗ ಹತ್ತು ವರ್ಷ ಪಳಗಿದ ಕೈ ತನ್ನಷ್ಟಕ್ಕೆ ತಾನು ಲಾರಿಯ ಕೆಲಸ ಮಾಡಿಬಿಟ್ಟಿತ್ತು. "ಲೋಡ್ ತಡೀಬೇಕಲ್ರಿ ಅಕ್ಕಾರ..." ಎಂದು ಶುರು ಮಾಡಿದ ಮೌನೇಶಾಚಾರಿ, ಮಂಚದ ಮೇಲೆ ಬೀಳುವ ಲೋಡು ನಾನೂ ಅತ್ತೆಯೂ ಎಂಬುದು ಹೊಳೆದು, ಬಹುಶಃ ಜೀವನದಲ್ಲಿ ಮೊದಲ ಬಾರಿಗೆ ಮೌನವಾದ. ಟ್ರಂಕಿಗೂ ತೊಲೆಗೂ ಇದ್ದ ವಿರೋಧ ಕೇವಲ ಮೂರು ಬೆರಳಿನದು.

ಅತ್ತೆ ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದು ಬಂದರು. ಮಂಚದ ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಟ್ರಂಕಿನ ಮೇಲೆ ಕೈಯಿಟ್ಟು, ನಕ್ಕರು. "ನೋಡವ್ವ ಸುಮಿತ್ರಾ, ಟ್ರಂಕಿಗೇ ತಿಳೀತೈತಿ. ಅದು ಊರೂರು ತಿರಗೋ ಸಾಮಾನು. ಆಚಾರಿನ್ನ ಬೈಬ್ಯಾಡ."

ಬೈಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ತೊಲೆಗಳನ್ನು ಕೊಯ್ದುಬಿಡುತ್ತೇನೆ ಎಂದು ಆಚಾರಿ ಗರಗಸ ತೆಗೆದ. ಕೊಯ್ದರೆ ಮಂಚ ನಿಲ್ಲುತ್ತದೆಯೇ ಎಂದು ನಮ್ಮವರು ಕೇಳಿದ್ದಕ್ಕೆ ಅವನು ಗರಗಸವನ್ನು ಮತ್ತೆ ಚೀಲಕ್ಕೆ ಸೇರಿಸಿದ. ಟ್ರಂಕು ಮತ್ತೆ ಕೋಣೆಯ ಬಾಗಿಲ ಬಳಿಗೆ ಬಂತು. ನನಗೆ ಅಳುವೇ ಬಂತು, ಮರದ ಧೂಳು ಕಣ್ಣಿಗೆ ಬಿತ್ತೆಂದು ಹೇಳಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ಟ್ರಂಕೊಂದನ್ನು ಬಿಟ್ಟು ಉಳಿದುದನ್ನೆಲ್ಲ ನಾನು ಉತ್ಸಾಹದಿಂದ ತುಂಬಿಸಿದ್ದೆ: ಗಿಳಿಗಳಿದ್ದ ತಲೆಯ ಕಡೆಗೆ ಅಕ್ಕಿ ಮತ್ತು ಪುಸ್ತಕ, ನಡುವೆ ಬಟ್ಟೆ, ಕಾಲ ಕಡೆಗೆ ನಮ್ಮವರ ಗಣಿಯ ಬೂಟು, ಹೆಲ್ಮೆಟ್ಟು, ಮುರಿದ ಛತ್ರಿಗಳು. ಅತ್ತೆ ಮೆಟ್ಟಿಲು ಹತ್ತಿ ಮಲಗಲು ಹೋದವರು ಕಿಟಕಿಯ ಕಡೆ ನೋಡಿ, ಬಾಗಿಲ ಕಡೆ ನೋಡಿ, "ಯವ್ವಾ, ಉತ್ತರಕ್ಕ ತಲೀನಾ?" ಎಂದು ಉದ್ಗರಿಸಿದರು. ಗಾಳಿ ಬರಲೆಂದು ನಾವು ಗಿಳಿಗಳನ್ನು ಕಿಟಕಿಯ ಕಡೆಗೆ ಹಾಕಿಸಿದ್ದೆವು. ಆ ಕಿಟಕಿ ಇದ್ದದ್ದು ಉತ್ತರಕ್ಕೆ. ಬದುಕಿರುವ ಯಾರೂ ಉತ್ತರಕ್ಕೆ ತಲೆ ಹಾಕುವುದಿಲ್ಲ. ಒಂಬತ್ತಡಿಯ ಕೋಣೆಯಲ್ಲಿ ಆ ದಿಬ್ಬವನ್ನು ತಿರುಗಿಸುವುದು ವಿಜಯನಗರದ ಆನೆಗಳಿಗೂ ಅಸಾಧ್ಯ. ಸರಿ, ದಿಂಬುಗಳನ್ನೇ ದಕ್ಷಿಣಕ್ಕೆ ಒಯ್ದೆ. ಈಗ ಗಿಳಿಗಳು ಕಾಲಿನ ಬಳಿ ಬಂದವು, ಅದು ದೊಡ್ಡ ವಿಷಯವಲ್ಲ. ಆದರೆ ಅಕ್ಕಿ ಮತ್ತು ಪುಸ್ತಕಗಳ ಮೇಲೂ ನಮ್ಮ ಕಾಲುಗಳು ಬಂದವು. "ಅನ್ನದ ಮ್ಯಾಲೆ ಕಾಲಾ? ಸಾಲಿ ಕಲಸಾಕಿ ನೀನು, ಅಕ್ಷರದ ಮ್ಯಾಲೆ ಕಾಲಾ?" ಎಂದು ಅತ್ತೆ ಇಳಿದೇಬಿಟ್ಟರು. ನೆಲದ ಮೇಲೆ ಚಾಪೆ ಹಾಸಿ, ಟ್ರಂಕಿನ ಪಕ್ಕದಲ್ಲಿ ಮಲಗಿದರು. ಅಕ್ಕಿ ಗಿರಣಿಯ ಅಂಗಳದಲ್ಲಿ ಚೆಲ್ಲಿದ ಕಾಳನ್ನು ತುಳಿಯದೆ ದಾಟಿ ದಾಟಿ ಬಾಳಿದವರು ಅವರು, ಆ ವಿಷಯದಲ್ಲಿ ರಾಜಿಯಿರಲಿಲ್ಲ.

ಮೂರು ದಿನ ಹಾಗೇ ನಡೆಯಿತು. ನಾನು ಸಿಂಹಾಸನದ ಮೇಲೆ, ಯಾರಿಗಾಗಿ ಅದನ್ನು ಮಾಡಿಸಿದ್ದೆನೋ ಅವರು ನೆಲದ ಮೇಲೆ. ಸಾಮಾನುಗಳನ್ನು ಅದಲುಬದಲು ಮಾಡುತ್ತೇನೆಂದರೆ, "ಬ್ಯಾಡ ಬಿಡು, ನಾಡಿದ್ದು ಸಂಡೂರಿಗೆ ಹೋಗ್ತೀನಲ್ಲ" ಎನ್ನುತ್ತಿದ್ದರು. ನಾಲ್ಕನೆಯ ಸಂಜೆ ಅವರು ಹೊರಕಟ್ಟೆಯ ಮೇಲೆ ಕುಳಿತು ಕೌದಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದಾಗ ನಾನು ಸೂಜಿ ತೆಗೆದುಕೊಂಡು ಪಕ್ಕದಲ್ಲಿ ಕುಳಿತೆ. ದಾರ ಪೋಣಿಸುವಾಗ ಮುಖ ನೋಡಬೇಕಾಗಿಲ್ಲ, ಅದೊಂದು ಅನುಕೂಲ. "ಅತ್ತಿ, ಅವತ್ತು ಟ್ರಂಕಿಗೆ ನಾ ಅಂದದ್ದು ತಪ್ಪಾತ್ರಿ. ನೀವು ಹೋಗಬ್ಯಾಡ್ರಿ" ಎಂದೆ. ಅಷ್ಟು ಹೇಳಲು ನನಗೆ ಎರಡು ತಿಂಗಳು ಮತ್ತು ಒಂದು ಮಂಚ ಬೇಕಾಗಿತ್ತು. ಅತ್ತೆ ಸೂಜಿಯನ್ನು ಇಸಿದುಕೊಂಡು ನಾಲ್ಕು ಹೊಲಿಗೆ ಹಾಕಿದರು. "ಮೂಲಿ ಭಾಳ ಚೂಪ್ ಐತವ್ವ ಆ ಟ್ರಂಕಿಂದು. ನನಗೂ ಬಡದೈತಿ" ಎಂದರು.

ಮರುದಿನ ಶಾಲೆಯಿಂದ ಬಂದಾಗ ಮಂಚದ ಮೂರೂ ಬಾಗಿಲುಗಳು ಬಿದ್ದುಕೊಂಡಿದ್ದವು. ಕೋಣೆಯ ತುಂಬ ಸಾಮಾನು, ನಡುವೆ ಸೆರಗು ಸಿಕ್ಕಿಸಿಕೊಂಡ ಅತ್ತೆ. ಪಕ್ಕದ ಮನೆಯವರನ್ನು ಕರೆದು ಅಕ್ಕಿಯ ಮೂಟೆಗಳನ್ನು ಆಗಲೇ ಸರಿಸಿಯಾಗಿತ್ತು. ಅತ್ತೆಯ ವಿಭಜನೆ ಶಾಸ್ತ್ರೋಕ್ತವಾಗಿತ್ತು. ದಕ್ಷಿಣದ ಬಾಗಿಲು, ಅಂದರೆ ನಮ್ಮ ತಲೆಗಳ ಅಡಿ, ಅನ್ನಕ್ಕೆ, ಅಕ್ಷರಕ್ಕೆ, ವಿಭೂತಿಯ ಡಬ್ಬಿಗೆ. ನಡುವಿನದು ಬಟ್ಟೆಗೆ, ಕೌದಿಗಳಿಗೆ. ಕಾಲಿನದು ಬೂಟಿಗೆ, ಛತ್ರಿಗೆ, ಮನುಷ್ಯರು ಎಸೆಯಲಾರದೆ ಇಟ್ಟುಕೊಳ್ಳುವ ಸಮಸ್ತಕ್ಕೆ. ಮೂರು ಲೋಕಗಳೂ ಆರೂವರೆ ಅಡಿಯಲ್ಲಿ ಅಡಕವಾಗಿದ್ದವು. ಸೃಷ್ಟಿಕರ್ತನಿಗೂ ಇಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡಬೇಕಾಗಿ ಬಂದಿರಲಿಕ್ಕಿಲ್ಲ.

ಮತ್ತು ಟ್ರಂಕು ತೆರೆದಿತ್ತು. ಊಟದ ಹೊತ್ತಲ್ಲ, ಆದರೂ ತೆರೆದಿತ್ತು. ಮುಚ್ಚಳದ ಒಳಬದಿಗೆ ಅಂಟಿಸಿದ್ದ ಹಳೆಯ ಕ್ಯಾಲೆಂಡರಿನ ಶಿವಪಾರ್ವತಿಯರ ಚಿತ್ರ ಕಾಣುತ್ತಿತ್ತು. ಅದರಿಂದ ಅತ್ತೆ ಒಂದೊಂದಾಗಿ ತೆಗೆದು ನಡುವಿನ ಲೋಕಕ್ಕೆ ಸೇರಿಸುತ್ತಿದ್ದರು: ನಾಲ್ಕು ಸೀರೆ, ಮಾವನವರ ಒಂದು ಖಾಕಿ ಅಂಗಿ, ಒಂದು ದಿಂಬಿನ ಚೀಲ, ಒಂದು ಟವೆಲು, ಸ್ವಂತದ್ದೊಂದು ಸಾಬೂನಿನ ಡಬ್ಬಿ, ತಲೆಗೆ ಹಚ್ಚುವ ಎಣ್ಣೆಯ ಸಣ್ಣ ಬಾಟಲಿ. ನಾನು ನೋಡುತ್ತ ನಿಂತೆ. ಇವು ಆಸ್ತಿಯಲ್ಲ, ಬೇರೆಯವರ ಮನೆಯಲ್ಲಿ ಯಾವುದನ್ನೂ ಕೇಳಬೇಕಾಗಿ ಬರಬಾರದು ಎಂದು ಹೊಂದಿಸಿಕೊಂಡ ವಸ್ತುಗಳು. ದಿಂಬಿಗೆ ಎಣ್ಣೆ ಹತ್ತಿತು ಎನ್ನಿಸಿಕೊಳ್ಳಬಾರದು, ನಮ್ಮ ಸಾಬೂನು ಸವೆಯಿತು ಎನ್ನಿಸಿಕೊಳ್ಳಬಾರದು, ಒಂದು ತಾಟು ಹೆಚ್ಚಿಗೆ ತೊಳೆಯಬೇಕಾಯಿತು ಎನ್ನಿಸಿಕೊಳ್ಳಬಾರದು. ಮಡಿ ಎಂದು ನಾನು ಮುನಿಸಿಕೊಂಡದ್ದು ಇದಕ್ಕೆ. ನನ್ನ ಬಗ್ಗೆ ನನಗಿದ್ದ ಒಳ್ಳೆಯ ಅಭಿಪ್ರಾಯ ಆ ಸಂಜೆ ಸಾಕಷ್ಟು ಕಡಿಮೆಯಾಯಿತು.

ಕಡೆಗೆ ಟ್ರಂಕಿನ ತಳದಲ್ಲಿ ತಾಟು, ಲೋಟ ಮಾತ್ರ ಉಳಿದವು. ಅತ್ತೆ ಅವನ್ನು ಕೈಗೆತ್ತಿಕೊಂಡು, ಮೂರು ಬಾಗಿಲುಗಳ ಕಡೆಗೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು. "ಇವನ್ನ ಎಲ್ಲಿಡ್ಲಿ? ಇವಕ್ಕ ಮಂಚ ಸರಿಹೋಗಂಗಿಲ್ಲ. ನಿನ್ನ ಅಡಿಗಿ ಮನ್ಯಾಗ ಒಂದೀಟು ಜಾಗ ಐತೇನವ್ವ?"

ತಾಟನ್ನು ಒಯ್ದು ನಮ್ಮ ತಾಟುಗಳ ಸಾಲಿನಲ್ಲಿ ಇಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆ ರಾತ್ರಿ ಅತ್ತೆ ಮೆಟ್ಟಿಲು ಹತ್ತಿ, ದಕ್ಷಿಣಕ್ಕೆ ತಲೆ ಹಾಕಿ, "ಲಾರಿ ಆದ್ರೂ ಮಸ್ತ್ ಐತಿ" ಎಂದು ಪ್ರಮಾಣಪತ್ರ ಕೊಟ್ಟರು.

ಅದಾದ ವಾರಕ್ಕೆ ಸರಪಳಿಯೊಂದು ಕಿತ್ತು ಬಂತೆಂದು ಮೌನೇಶಾಚಾರಿ ಬಂದ. ಅವನ ಉಳಿ, ಬಾಚಿ, ಗರಗಸಗಳು ಗೋಣಿಚೀಲದಲ್ಲಿರುತ್ತಿದ್ದವು. ಅತ್ತೆ ಖಾಲಿ ಟ್ರಂಕನ್ನು ಅವನ ಮುಂದೆ ಸರಿಸಿ, "ಒಯ್ಯಪ್ಪಾ, ನಿನ್ನ ಸಾಮಾನಿಗೆ ಆಕ್ಕತಿ" ಎಂದರು. "ನಿಮಗ ಬ್ಯಾಡೇನ್ರಿ ಅಮ್ಮಾರ?" ಎಂದು ಅವನು ಕೇಳಿದ್ದಕ್ಕೆ, "ನನಗ್ಯಾಕ? ನಾ ಎಲ್ಲಿಗೆ ಹೋಗಾಕಿ?" ಎಂದು ಅವನನ್ನೇ ಗದರಿಸಿದರು. ಅವನು ಅದನ್ನು ಟಿವಿಎಸ್ಸಿನ ಹಿಂದೆ ಹಗ್ಗದಿಂದ ಬಿಗಿದುಕೊಂಡು ಹೋಗುವುದನ್ನು ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಆಮೇಲೆ ಸಂಡೂರಿಗೆ ಹೋದಾಗಲೆಲ್ಲ ಅತ್ತೆ ಒಂದು ಬಟ್ಟೆಯ ಚೀಲದಲ್ಲಿ ಒಂದು ಜೊತೆ ಸೀರೆ ಒಯ್ಯುತ್ತಿದ್ದರು, ಎರಡನೆಯ ದಿನವೇ ಅಕ್ಕಿಗೆ ಹುಳ ಬಿದ್ದೀತೆಂದು ವಾಪಸಾಗುತ್ತಿದ್ದರು.

ಎಂಟು ವರ್ಷ ಆ ಮಂಚದ ಮೇಲೆ ನನ್ನ ಪಕ್ಕದಲ್ಲಿ ಮಲಗಿದ ಅತ್ತೆ ಒಂದು ಬೆಳಿಗ್ಗೆ ಏಳಲಿಲ್ಲ. ಅಷ್ಟರಲ್ಲಿ ಗಣಿಗಳೂ ನಿಂತಿದ್ದವು. ಲಾರಿಗಳು ಊರ ಹೊರಗಿನ ಬಯಲುಗಳಲ್ಲಿ ಸಾಲುಸಾಲಾಗಿ ನಿಂತು ಟೈರಿನ ಗಾಳಿ ಬಿಟ್ಟುಕೊಂಡಿದ್ದವು, ಮೌನೇಶಾಚಾರಿ ಮತ್ತೆ ಬಾಗಿಲು, ತೊಟ್ಟಿಲುಗಳಿಗೆ ಮರಳಿದ್ದ. ಅತ್ತೆ ಹೋದ ಸುದ್ದಿ ಕೇಳಿ ಬಂದವನು, ಸುಮ್ಮನೆ ಕೂರಲಾರದೆ, ಮಂಚದ ಕೀಲುಗಳನ್ನು ಬಿಗಿ ಮಾಡುತ್ತೇನೆಂದು ಟಿವಿಎಸ್ಸಿನ ಮೇಲಿದ್ದ ಟ್ರಂಕು ತೆರೆದ. ಉಳಿಗಳ ಮೇಲೆ, ಮುಚ್ಚಳದೊಳಗೆ, ಶಿವಪಾರ್ವತಿಯರು ಹಾಗೇ ಇದ್ದರು. ಅವನು ಅವರನ್ನು ಕಿತ್ತು ಹಾಕಿರಲಿಲ್ಲ.

ಜಾಗ ಸಾಲದು, ಜಾಗ ಸಾಲದು ಎಂದು ಆ ಕಾಲದಲ್ಲಿ ನಾನು ಗೊಣಗಿದ್ದಕ್ಕೆ ಲೆಕ್ಕವಿಲ್ಲ. ನಿಜವಾಗಿ ನೋಡಿದರೆ ಮಂಚ ಬಂದ ಮೇಲೆ ಕೋಣೆ ಇನ್ನೂ ಚಿಕ್ಕದೇ ಆಯಿತು. ಅತ್ತೆಗೆ ಬೇಕಾಗಿದ್ದದ್ದು ಟ್ರಂಕಿಗೊಂದು ಜಾಗವಲ್ಲ ಎಂಬುದು ಟೇಪು ಹಿಡಿದ ನಮಗ್ಯಾರಿಗೂ ಹೊಳೆಯಲಿಲ್ಲ. ಆಚಾರಿ ಸರಿಯಾಗಿ ಮಾಡಿದ್ದರೆ ಟ್ರಂಕು ಬೀಗ ಹಾಕಿಕೊಂಡೇ ಒಳಗೆ ಸೇರುತ್ತಿತ್ತು, ಅತ್ತೆ ಅದರ ಮೇಲೆ ಮಲಗಿಕೊಂಡು ಸಾಯುವವರೆಗೂ ನಾಳೆ ಹೋಗುತ್ತೇನೆ ಎನ್ನುತ್ತಿದ್ದರು. ಅವನ ತಪ್ಪಿಗೆ ನಾನು ಕೃತಜ್ಞಳಾಗಿದ್ದೇನೆ. ಅತ್ತೆ ಇಲ್ಲದ ಮಂಚ ಈಗಲೂ ಅಗಲವೆನಿಸುತ್ತದೆ.

ಇಷ್ಟನ್ನು ನೆನೆದುಕೊಂಡ ಮೇಲೆ ಗಾಲಿಗಳ ನಡುವಿನ ಮುಚ್ಚಳವನ್ನು ಹಾಗೇ ಬಿಟ್ಟಿರಲು ಮನಸ್ಸಾಗಲಿಲ್ಲ. ನಡುವಿನ ಬಾಗಿಲಿನ ಕೊಕ್ಕೆ ತೆಗೆದೆ. ಧಡಾರ್ ಎಂದ ಸದ್ದಿಗೆ ಗಿರಿಜಾ ನಡುಮನೆಯಿಂದ ಓಡಿ ಬಂದಳು. "ಬಾ, ನಿನ್ನ ಸೂಟ್‌ಕೇಸು ಒಳಗ ಇಡೋಣು" ಎಂದೆ. ಇಬ್ಬರೂ ಸೇರಿ, ನಿಂತಿದ್ದಂತೆಯೇ ಎತ್ತಿ ತಳ್ಳಿದೆವು. ಒಂದು ಗೇಣು ಹೋಗಿ ಸೂಟ್‌ಕೇಸು ತೊಲೆಗೆ ತಗಲಿ ನಿಂತಿತು.

"ಹೋಗವಲ್ದು ವೈನಿ. ಬಿಡ್ರಿ, ಹೆಂಗೂ ನಾಳಿ ನಾ..."

"ಹೋಗಂಗಿಲ್ಲಂತ ನನಗ ಗೊತ್ತಿತ್ತು. ನಿಮ್ಮವ್ವನ ಟ್ರಂಕೂ ಹೋಗಿರ್ಲಿಲ್ಲ. ಕುಂದ್ರು, ಖಾಲಿ ಮಾಡು."

ಗಿರಿಜಾ ನನ್ನನ್ನೇ ನೋಡಿದಳು. ಕಣ್ಣು ತುಂಬಿ ಬಂದರೂ ಅವಳು ಸೆರಗಿನಿಂದ ಒರೆಸಿಕೊಳ್ಳಲಿಲ್ಲ. ನೆಲದ ಮೇಲೆ ಕುಳಿತು ಸೂಟ್‌ಕೇಸಿನ ಜಿಪ್ಪು ಎಳೆದಳು. ಎಲ್ಲಕ್ಕಿಂತ ಮೇಲೆ, ಟವೆಲಿನಲ್ಲಿ ಸುತ್ತಿದ, ಒಂದು ತಾಟು ಮತ್ತು ಒಂದು ಲೋಟ ಇದ್ದವು. ಒಂಬತ್ತು ದಿನಗಳಲ್ಲಿ ಅವನ್ನು ಹೊರತೆಗೆಯುವ ಧೈರ್ಯವೂ ಅವಳಿಗಾಗಿರಲಿಲ್ಲ. ನಾನು ಅವನ್ನು ಅಡುಗೆಮನೆಗೆ ಒಯ್ದು, ಮಾವನವರ ಹೆಸರಿನ ತಾಟಿನ ಪಕ್ಕದಲ್ಲಿ ನಿಲ್ಲಿಸಿ ಬಂದೆ.

ಬರುವಷ್ಟರಲ್ಲಿ ಗಿರಿಜಾ, ಸೂಟ್‌ಕೇಸು ನಿಂತಿದ್ದ ಜಾಗದಿಂದ ಪೆನ್ನಿನ ಮುಚ್ಚಳವನ್ನು ಎತ್ತಿ ಹಿಡಿದುಕೊಂಡಿದ್ದಳು.

"ಇದನ್ನ ಎಲ್ಲಿಡ್ಲಿ ವೈನಿ?"

"ತಲಿ ಕಡೆ" ಎಂದೆ. "ಅದು ಅಕ್ಷರದ ಸಾಮಾನು."